ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಕುತ್ತಿಗೆಗೆ

ಅಕ್ಕನ ಮಗಳು ಗಂಡನ ಕೆಲಸದ ನಿಮಿತ್ತ ಅಮೆರಿಕದ ರಿಚ್‌ಲ್ಯಾಂಡ್‌ಗೆ ಹೋಗಿದ್ದಾಳೆ. ಅಣುಬಾಂಬಿಗೆ ಪ್ಲುಟೋನಿಯಂ ತಯಾರಿಸುತ್ತಿದ್ದ ಹಳೆಯ ಹ್ಯಾನ್‌ಫೋರ್ಡ್ ಸ್ಥಾವರ ಅಲ್ಲಿಂದ ಹತ್ತಿರ. ಮೊನ್ನೆ ಫೋನಿನಲ್ಲಿ ಕೇಳಿದಳು: "ಮಾಮ, ಇಲ್ಲಿಯ ಹಾಲನ್ನು ಮಗುವಿಗೆ ಕೊಡಬಹುದೇ?" ಹಾಲಿನ ಬಗ್ಗೆಯೇ ಕೇಳಿದಳಲ್ಲ, ಸರಿಯಾದ ಜಾಗಕ್ಕೇ ಕೈ ಹಾಕಿದಳು ಎನಿಸಿತು.

ವಿಕಿರಣ ಸೂಸುವ ಅಯೋಡಿನ್-131, ವೈದ್ಯನಾದ ನಾನು ರೋಗಿಗಳಿಗೆ ದಿನನಿತ್ಯ ಕೊಡುವ ಔಷಧ. ಸೀಸದ ಡಬ್ಬಿಯಲ್ಲಿ ಬರುವ ಒಂದು ಕ್ಯಾಪ್ಸೂಲ್. ಕುತ್ತಿಗೆಯಲ್ಲಿದ್ದು ಅಯೋಡಿನ್ ಹೀರಿಕೊಳ್ಳುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗಿಗೆ ಹತ್ತು ಮಿಲಿಕ್ಯೂರಿಯಷ್ಟು ಕೊಡುತ್ತೇವೆ (ಕ್ಯೂರಿ ಎಂದರೆ ವಿಕಿರಣದ ಅಳತೆ, ಮಿಲಿಕ್ಯೂರಿ ಅದರ ಸಾವಿರದ ಒಂದು ಪಾಲು). ನುಂಗಿದ ಮೇಲೆ ಕೆಲವು ದಿನ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ ಎಂದು ಹೇಳಿ ಕಳಿಸುತ್ತೇವೆ. ಎದೆಹಾಲು ಬಿಡಿಸದೆ ತಾಯಿಗೆ ಈ ಔಷಧವನ್ನು ಕೊಡುವುದೇ ಇಲ್ಲ.

ನಾಗಸಾಕಿಯ ಬಾಂಬಿಗೆ ಪ್ಲುಟೋನಿಯಂ ತಯಾರಾದದ್ದು ಹ್ಯಾನ್‌ಫೋರ್ಡ್‌ನಲ್ಲಿ. ಅದನ್ನು ಬೇರ್ಪಡಿಸಲು ರಿಯಾಕ್ಟರಿನಲ್ಲಿ ಉರಿದ ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಬೇಕು. ಆಗ ಅದರೊಳಗೆ ಹುಟ್ಟಿದ ಅಯೋಡಿನ್-131 ಅನಿಲವಾಗಿ ಚಿಮಣಿ ಸೇರುತ್ತದೆ. ಈ ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಇಂಧನವನ್ನು ಮೂರು ತಿಂಗಳು ನೀರಿನಲ್ಲಿ ಇಟ್ಟಿದ್ದರೆ ಸಾವಿರಕ್ಕೆ ಒಂದು ಪಾಲೂ ಉಳಿಯುತ್ತಿರಲಿಲ್ಲ. ಯುದ್ಧದ ಅವಸರದಲ್ಲಿ ಅಷ್ಟು ಕಾಯಲಿಲ್ಲ. 1944ರಿಂದ 1957ರವರೆಗೆ ಏಳು ಲಕ್ಷ ಕ್ಯೂರಿಗೂ ಹೆಚ್ಚು ಹೊರಬಿತ್ತು, ಬಹುಪಾಲು ಮೊದಲ ಮೂರು ವರ್ಷಗಳಲ್ಲೇ. 1949ರ ಡಿಸೆಂಬರ್‌ನಲ್ಲಂತೂ, ಸೋವಿಯತ್ ಸ್ಥಾವರಗಳನ್ನು ದೂರದಿಂದ ಪತ್ತೆಹಚ್ಚುವ ಪ್ರಯೋಗಕ್ಕೆಂದು, ಕೇವಲ 16 ದಿನ ತಣಿಸಿದ ಇಂಧನವನ್ನು ಬೇಕೆಂದೇ ಕರಗಿಸಿದರು. ಹೊರಟದ್ದು ಸುಮಾರು ಎಂಟು ಸಾವಿರ ಕ್ಯೂರಿ. ನನ್ನ ಲೆಕ್ಕದಲ್ಲಿ ಅದು ಎಂಟು ಲಕ್ಷ ರೋಗಿಗಳ ಔಷಧ. ಸುತ್ತಲಿನ ರೈತರಿಗೆ ಯಾರೂ ಹೇಳಲಿಲ್ಲ. 1986ರಲ್ಲಿ 19 ಸಾವಿರ ಪುಟಗಳ ದಾಖಲೆಗಳು ಬಿಡುಗಡೆಯಾದ ಮೇಲಷ್ಟೇ ವಿಷಯ ತಿಳಿಯಿತು.

ಗಾಳಿಯಲ್ಲಿ ಬಂದದ್ದನ್ನು ಉಸಿರಾಡಿದ್ದಕ್ಕಿಂತ ಕುಡಿದದ್ದೇ ಹೆಚ್ಚು. ಅಯೋಡಿನ್ ಹುಲ್ಲಿನ ಮೇಲೆ ಕೂರುತ್ತದೆ. ಹಸು ದಿನವಿಡೀ ಮೇದು, ಎಷ್ಟೋ ಅಗಲದ ಹುಲ್ಲಿನ ಅಯೋಡಿನ್ ಅನ್ನು ಒಂದು ಚೆಂಬು ಹಾಲಿಗೆ ತಂದುಕೊಡುತ್ತದೆ. ಮನೆಯ ಹಸುವಿನ ಹಾಲು ಕರೆದ ದಿನವೇ ಮಗುವಿನ ಲೋಟಕ್ಕೆ ಬರುತ್ತದೆ. ವರ್ಷದ ಮಗುವಿನ ಥೈರಾಯ್ಡ್ ಎರಡು ಗ್ರಾಂ ತೂಗಿದರೆ ಹೆಚ್ಚು. ದೊಡ್ಡವರದು ಅದರ ಎಂಟು ಹತ್ತು ಪಟ್ಟು. ಅದೇ ಲೋಟ ಹಾಲಿನ ಪೆಟ್ಟು ಮಗುವಿಗೆ ಅಷ್ಟು ಪಟ್ಟು ಜೋರು. ಅನಿಲ ಹೊರಬಿದ್ದಾಗಲೆಲ್ಲ ಹಸುಗಳಿಗೆ ಕೆಲವು ವಾರ ಹಳೆಯ ಒಣಹುಲ್ಲು ಹಾಕಿ, ಹಾಲನ್ನು ಚೀಸ್ ಮಾಡಿ ಮೂರು ತಿಂಗಳು ಇಟ್ಟಿದ್ದರೂ ಸಾಕಿತ್ತು. ಇದು ನನ್ನನ್ನು ಇಂದಿಗೂ ಕಾಡುತ್ತದೆ.

1940ರಿಂದ 46ರ ನಡುವೆ ಅಲ್ಲಿ ಹುಟ್ಟಿದ ಸುಮಾರು 3,440 ಮಂದಿಯನ್ನು ಪರೀಕ್ಷಿಸಿದ ಅಧ್ಯಯನದ ಅಂತಿಮ ವರದಿ 2002ರಲ್ಲಿ ಬಂತು. ವಿಕಿರಣದ ಪ್ರಮಾಣ ಹೆಚ್ಚಿದಂತೆ ಥೈರಾಯ್ಡ್ ಕಾಯಿಲೆ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಇದನ್ನು ಮುಚ್ಚಿಡುವುದು ತಪ್ಪು. ಆದರೆ ಅರ್ಧ ಶತಮಾನದ ಹಿಂದೆ ಮಗು ಎಷ್ಟು ಲೋಟ ಹಾಲು ಕುಡಿದಿತ್ತು ಎಂಬ ನೆನಪಿನ ಮೇಲೂ ಆ ಲೆಕ್ಕ ನಿಂತಿದೆ. "ಏನೂ ಆಗಿಲ್ಲ" ಎಂದು ಅದನ್ನು ಓದಲು ನಾನು ಸಿದ್ಧನಿಲ್ಲ. ರಷ್ಯಾದ ಪ್ಲುಟೋನಿಯಂ ಸ್ಥಾವರ ಮಾಯಕ್‌ನ ಕಥೆ ಬೇರೆ: ಅಲ್ಲಿ ತ್ಯಾಜ್ಯವನ್ನು ತೇಚಾ ನದಿಗೇ ಬಿಟ್ಟರು, ವಿಕಿರಣ ಸೂಸುವ ಸ್ಟ್ರಾನ್ಷಿಯಂ-90 ಜನರ ಮೂಳೆ ಸೇರಿತು, ದಂಡೆಯ ಹಳ್ಳಿಗಳಲ್ಲಿ ರಕ್ತಕ್ಯಾನ್ಸರ್ ಹೆಚ್ಚಿದ್ದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿದೆ.

ಹುಡುಗಿಗೆ ಹೇಳಿದೆ: ಹಾಲು ಧಾರಾಳವಾಗಿ ಕೊಡು, ಆ ಅಯೋಡಿನ್ ಎಂದೋ ಮುಗಿದಿದೆ. ಈಗ ಉಳಿದಿರುವ ಚಿಂತೆ ನೆಲದಡಿಯ 177 ತೊಟ್ಟಿಗಳ ತ್ಯಾಜ್ಯ. ಅವುಗಳಲ್ಲಿ ಕೆಲವು ಸೋರಿವೆ. ಸ್ವಂತ ಬಾವಿ ಇರುವ ಮನೆ ಕೊಳ್ಳುವುದಾದರೆ ನೀರಿನ ಪರೀಕ್ಷಾ ವರದಿ ಕೇಳು. ಪಕ್ಕದ ಮನೆಯ ಅಜ್ಜಿ 1945ರಲ್ಲಿ ಅಲ್ಲಿನ ತೋಟದ ಮನೆಯಲ್ಲೇ ಹುಟ್ಟಿದವರಂತೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಆ ಮಾತನ್ನು ಹೇಳಿ, ಕುತ್ತಿಗೆಯನ್ನು ಮುಟ್ಟಿ ನೋಡಲು ಕೇಳಲಿ ಎಂದೆ.