ಮುಸುಕಿನ ವೀರನಿಗೆ ‘ಎ’ ಪ್ರಮಾಣಪತ್ರ ಬಂದ ಬಗೆ

2024ರ ಜುಲೈ ಕೊನೆಯಲ್ಲಿ, ಮಳೆ ಬಿಡದೆ ಹಿಡಿದಿದ್ದ ಒಂದು ಸಂಜೆ, ಹಾಸನದ ಚಿತ್ರಮಂದಿರವೊಂದರ ಟಿಕೆಟ್ ಕೌಂಟರಿನಲ್ಲಿ ನನ್ನ ಮುಂದೆ ನಿಂತಿದ್ದವರು ಎಂಟು–ಹತ್ತು ವರ್ಷದ ಇಬ್ಬರು ಮಕ್ಕಳನ್ನು ಕರೆತಂದಿದ್ದರು. ಅಂದಿನ ಚಿತ್ರ ‘ಡೆಡ್‌ಪೂಲ್ ಅಂಡ್ ವೊಲ್ವರಿನ್’; ಅದಕ್ಕೆ ಸಿಕ್ಕಿದ್ದು ‘ಎ’ ಪ್ರಮಾಣಪತ್ರ. ಕೌಂಟರಿನಲ್ಲಿ ಯಾರೂ ಏನನ್ನೂ ಕೇಳದೆ ಮೂರು ಟಿಕೆಟ್ ಹರಿದುಕೊಟ್ಟರು. “ಇದು ದೊಡ್ಡವರ ಸಿನಿಮಾ ಸಾರ್” ಎಂದೆ. “ಸೂಪರ್‌ಹೀರೊ ಪಿಚ್ಚರ್ ಅಲ್ವಾ ಸಾರ್, ಮಕ್ಕಳೇ ಹಟ ಮಾಡಿ ಕರ್ಕೊಂಡು ಬಂದ್ರು” ಎಂದು ಅವರು ಉತ್ತರಿಸಿದರು.

ಆ ತಂದೆಯನ್ನು ದೂರುವ ಮನಸ್ಸು ನನಗಿಲ್ಲ. ನಮ್ಮ ತಲೆಮಾರು ಅತಿಮಾನುಷ ವೀರನನ್ನು ಮೊದಲು ಕಂಡದ್ದು ‘ಬಾಲಮಂಗಳ’ದ ಡಿಂಗನಲ್ಲಿ, ಆಮೇಲೆ 1997ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಶಕ್ತಿಮಾನ್’ನಲ್ಲಿ. ಬಣ್ಣದ ಉಡುಪು ತೊಟ್ಟು ಹಾರುವವನು ಮಕ್ಕಳ ಪಾಲಿನವನು ಎಂಬ ನಂಬಿಕೆ ನಮ್ಮಲ್ಲಿ ಹಾಗೆ ಬೇರೂರಿತು. ಅಂಥವನೊಬ್ಬ ಬೈಗುಳ, ರಕ್ತಪಾತ ಮತ್ತು ಹಾಸಿಗೆಯ ಹಾಸ್ಯದೊಡನೆ ವಯಸ್ಕರಿಗಷ್ಟೇ ಮೀಸಲಾದ ಚಿತ್ರದ ನಾಯಕನಾದದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕದಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು 1938ರಲ್ಲಿ. ಅವನನ್ನು ಅಣಕಿಸುವ ‘ಸೂಪರ್‌ಡ್ಯೂಪರ್‌ಮ್ಯಾನ್’ ಎಂಬ ಚಿತ್ರಕಥೆ ‘ಮ್ಯಾಡ್’ ಪತ್ರಿಕೆಯಲ್ಲಿ ಬಂದದ್ದು 1953ರಲ್ಲಿ. ಎಂದರೆ ಈ ಅಣಕಕ್ಕೆ ವೀರನಷ್ಟೇ ಅಲ್ಲದಿದ್ದರೂ ಸಾಕಷ್ಟು ವಯಸ್ಸಾಗಿದೆ. ಮರುವರ್ಷವೇ ಗಾಳಿ ತಿರುಗಿತು. ಕಾಮಿಕ್ಸ್ ಓದುವುದರಿಂದ ಮಕ್ಕಳು ಅಪರಾಧಕ್ಕೆ ಇಳಿಯುತ್ತಾರೆ ಎಂದು ಮನೋವೈದ್ಯ ಫ್ರೆಡ್ರಿಕ್ ವರ್ದಮ್ ವಾದಿಸಿದರು, ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು, ಹೆದರಿದ ಪ್ರಕಾಶಕರು 1954ರಲ್ಲಿ ತಾವೇ ಒಂದು ಸಂಹಿತೆಯನ್ನು ರಚಿಸಿಕೊಂಡರು. ಅದರ ಕಟ್ಟಳೆಗಳು ಗಮನಾರ್ಹವಾಗಿವೆ: ಪ್ರತಿ ಕಥೆಯಲ್ಲೂ ಒಳಿತೇ ಗೆಲ್ಲಬೇಕು; ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲಿನ ಗೌರವ ಕುಂದುವಂತೆ ಏನನ್ನೂ ಬರೆಯಬಾರದು; ಅಶ್ಲೀಲ ಮಾತು ಇರಬಾರದು. ವೀರನು ನಿಷ್ಕಳಂಕನಾದದ್ದು ಬರೆಯುವವರ ಕಲ್ಪನೆಯಿಂದ ಮಾತ್ರವಲ್ಲ, ಈ ಕಟ್ಟಳೆಯಿಂದಲೂ ಹೌದು. ಬೇರೆ ರೀತಿಯ ವೀರನನ್ನು ಬರೆಯಲು ಮೂವತ್ತು–ನಲವತ್ತು ವರ್ಷಗಳ ಕಾಲ ಲೇಖಕರಿಗೆ ಅಂಗಡಿಯ ಮುಖ್ಯ ಕಪಾಟಿನಲ್ಲಿ ಜಾಗವೇ ಕಡಿಮೆಯಿತ್ತು. ಮಾರ್ವೆಲ್ ಸಂಸ್ಥೆ ಆ ಸಂಹಿತೆಯನ್ನು ಪೂರ್ಣವಾಗಿ ಕೈಬಿಟ್ಟದ್ದು 2001ರಲ್ಲಿ, ಡಿಸಿ ಸಂಸ್ಥೆ 2011ರಲ್ಲಿ.

ಬಾಯಿಬಡುಕ ಕೂಲಿಯೋಧ ಡೆಡ್‌ಪೂಲ್ ಹುಟ್ಟಿದ್ದು ಈ ಹಿಡಿತ ಸಡಿಲವಾಗುತ್ತಿದ್ದ ಕಾಲದಲ್ಲಿ, 1991ರಲ್ಲಿ. ಸೃಷ್ಟಿಸಿದವರು ರಾಬ್ ಲೈಫೆಲ್ಡ್ ಮತ್ತು ಫೇಬಿಯನ್ ನಿಸೀಜಾ. ತಾನು ಕಥೆಯೊಳಗಿನ ಪಾತ್ರವೆಂಬುದು ಅವನಿಗೆ ಗೊತ್ತು, ಆದ್ದರಿಂದ ಅವನು ನೇರವಾಗಿ ಓದುಗನೊಡನೆ ಮಾತಿಗಿಳಿಯುತ್ತಾನೆ. ಇದನ್ನು ಹೊಸ ತಂತ್ರವೆಂದು ಹೊಗಳುವವರಿಗೆ ನಮ್ಮ ಜಿಲ್ಲೆಯ ಮೂಡಲಪಾಯ ಯಕ್ಷಗಾನವನ್ನು ನೆನಪಿಸಬೇಕು. ಅಲ್ಲಿ ರಾಜನು ಪರಾಕ್ರಮ ಕೊಚ್ಚಿಕೊಳ್ಳುತ್ತಿರುವಾಗಲೇ ವಿದೂಷಕ ಹನುಮನಾಯಕನು ಅವನ ಮಾತನ್ನು ಅಡ್ಡಗಟ್ಟಿ, ಕೂತ ಜನರ ಕಡೆ ತಿರುಗಿ ಊರಿನ ಸುದ್ದಿಯನ್ನೇ ಎಳೆದು ತರುತ್ತಾನೆ. ನಾನು ಚಿಕ್ಕವನಿದ್ದಾಗ ನೋಡಿದ ಆಟಗಳಲ್ಲಿ ಅವನ ಒರಟು ಹಾಸ್ಯವೆಲ್ಲ ನಡುರಾತ್ರಿ ದಾಟಿದ ಮೇಲೆ, ನಾವು ಹುಡುಗರು ಚಾಪೆಯ ಮೇಲೆ ನಿದ್ದೆಹೋದ ಮೇಲೆ ಬರುತ್ತಿತ್ತಂತೆ. ದೊಡ್ಡವರು ಮರುದಿನ ಜಗಲಿಯಲ್ಲಿ ಅದನ್ನು ಹೇಳಿಕೊಂಡು ನಗುತ್ತಿದ್ದುದು ನೆನಪಿದೆ. ಯಾವ ಮಾತನ್ನು ಯಾರ ಮುಂದೆ ಆಡಬೇಕೆಂಬ ಅಳತೆ ಆಟ ಆಡುವವರಿಗೇ ಇತ್ತು.

ಸಿನಿಮಾಕ್ಕೆ ಆ ಅಳತೆಯನ್ನು ಕೊಡುವುದು ಪ್ರಮಾಣಪತ್ರ. ಅಮೆರಿಕದಲ್ಲಿ 1968ರಲ್ಲಿ ದರ್ಜೆಗಳು ಬಂದವು, 1984ರಲ್ಲಿ, ಹದಿಮೂರರ ಒಳಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಯನ್ನು ಎಚ್ಚರಿಸುವ ‘ಪಿಜಿ–13’ ಸೇರಿತು, ಮತ್ತು ಹೆಚ್ಚು ಪ್ರೇಕ್ಷಕರು ಬೇಕೆಂಬ ಕಾರಣಕ್ಕೆ ಸೂಪರ್‌ಹೀರೊ ಚಿತ್ರಗಳು ಬಹುಪಾಲು ಆ ದರ್ಜೆಯಲ್ಲೇ ನೆಲೆಸಿದವು. 1998ರ ‘ಬ್ಲೇಡ್’, 2010ರ ‘ಕಿಕ್–ಆ್ಯಸ್’ನಂಥವು ಅದಕ್ಕಿಂತ ಬಿಗಿಯಾದ ‘ಆರ್’ ದರ್ಜೆಯಲ್ಲಿ ಬಂದರೂ ನಿರ್ಮಾಪಕರ ಅಂಜಿಕೆ ಹೋಗಲಿಲ್ಲ. 2009ರ ಒಂದು ಚಿತ್ರದಲ್ಲಂತೂ ಮಾತೇ ಬಂಡವಾಳವಾದ ಡೆಡ್‌ಪೂಲನ ಬಾಯಿಯನ್ನೇ ಹೊಲಿದುಬಿಟ್ಟಿದ್ದರು. 2014ರ ಜುಲೈನಲ್ಲಿ ಪರೀಕ್ಷಾರ್ಥ ಚಿತ್ರಿಸಿದ್ದ ತುಣುಕೊಂದು ಹೇಗೋ ಸೋರಿಕೆಯಾಗಿ, ಅಭಿಮಾನಿಗಳ ಉತ್ಸಾಹ ಕಂಡ ಮೇಲೆಯೇ ‘ಡೆಡ್‌ಪೂಲ್’ ಚಿತ್ರಕ್ಕೆ ಒಪ್ಪಿಗೆ ಸಿಕ್ಕಿತು. ಸುಮಾರು 5.8 ಕೋಟಿ ಡಾಲರ್ ವೆಚ್ಚದ ಆ ಚಿತ್ರ 2016ರಲ್ಲಿ 78 ಕೋಟಿಗೂ ಹೆಚ್ಚು ಡಾಲರ್ ಗಳಿಸಿತು. 2024ರ ಚಿತ್ರ 130 ಕೋಟಿ ದಾಟಿತು.

ಇಲ್ಲಿ ನಮ್ಮವರು ಎಡವುವುದು ಒಂದು ವ್ಯತ್ಯಾಸವನ್ನು ಗಮನಿಸದೆ. ಅಮೆರಿಕದ ‘ಆರ್’ ದರ್ಜೆಯ ಚಿತ್ರಕ್ಕೆ ಹದಿನೇಳರ ಒಳಗಿನವರು ತಂದೆತಾಯಿಯ ಜೊತೆ ಹೋಗಬಹುದು. ನಮ್ಮ ‘ಎ’ ಹಾಗಲ್ಲ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರಿಗೆ ‘ಎ’ ಚಿತ್ರ ತೋರಿಸುವಂತಿಲ್ಲ. ಅದರ ಹೊಣೆಯೂ ಪ್ರದರ್ಶಿಸುವವರದು. 1983ರವರೆಗೆ ಇದ್ದ ‘ಯು’ ಮತ್ತು ‘ಎ’ ಎಂಬೆರಡರ ನಡುವೆ ಆ ವರ್ಷ ‘ಯು/ಎ’ ಬಂತು. 2023ರ ತಿದ್ದುಪಡಿ ಅದನ್ನು 7, 13, 16 ವರ್ಷಗಳ ಮೆಟ್ಟಿಲಾಗಿ ಒಡೆಯಿತು. ‘ಎ’ ಮಾತ್ರ ಇದ್ದಂತೆಯೇ ಇದೆ.

ಈ ಅಕ್ಷರ ಎರಡೂ ಕಡೆಗೆ ಕೊಟ್ಟ ಮಾತು ಎಂದು ನಾನು ತಿಳಿದಿದ್ದೇನೆ: ಮಕ್ಕಳು ಒಳಗೆ ಬರುವುದಿಲ್ಲ, ಅದಕ್ಕೆ ಪ್ರತಿಯಾಗಿ ದೊಡ್ಡವರು ಪೂರ್ತಿ ಚಿತ್ರವನ್ನು ನೋಡುತ್ತಾರೆ. ನಮ್ಮಲ್ಲಿ ಎರಡೂ ನಡೆಯುತ್ತಿಲ್ಲ. 2016ರ ಚಿತ್ರಕ್ಕೆ ‘ಎ’ ಕೊಟ್ಟ ಮೇಲೂ ಸೆನ್ಸಾರ್ ಮಂಡಳಿ ಬೈಗುಳ, ನಗ್ನತೆಗಳಿಗೆ ಕತ್ತರಿ ಹಾಕಿತು. ಚಿತ್ರನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಮೊಕದ್ದಮೆಯಲ್ಲಿ 1970ರಲ್ಲೇ ಸುಪ್ರೀಂ ಕೋರ್ಟು ಚಿತ್ರಗಳ ಪೂರ್ವಪರಿಶೀಲನೆಯನ್ನು ಎತ್ತಿಹಿಡಿಯುತ್ತ, ಕಲೆಯನ್ನೂ ಅಶ್ಲೀಲವನ್ನೂ ಬೇರ್ಪಡಿಸಿ ನೋಡುವ ವಿವೇಚನೆ ಇರಬೇಕೆಂದಿತ್ತು. ವಯಸ್ಕರಿಗಾಗಿಯೇ ಪ್ರಮಾಣಿಸಿದ ಹಾಸ್ಯದಲ್ಲಿ ವಯಸ್ಕರ ಮಾತನ್ನು ಕತ್ತರಿಸುವುದರಲ್ಲಿ ಆ ವಿವೇಚನೆ ನನಗೆ ಕಾಣುವುದಿಲ್ಲ. ಕತ್ತರಿಯ ವಿಷಯ ಮಾರ್ಗಸೂಚಿಗೆ ಸೇರಿದ್ದು, ಅದು ಬದಲಾಗಲು ದೆಹಲಿಯವರೆಗೆ ಹೋಗಬೇಕು. ಕೌಂಟರಿನಲ್ಲಿ ವಯಸ್ಸು ಕೇಳುವ ಕೆಲಸ ಯಾವ ತಿದ್ದುಪಡಿಗೂ ಕಾಯಬೇಕಾಗಿಲ್ಲ. ಆ ಸಂಜೆ ಹಾಸನದಲ್ಲಿ ಮೂರು ಟಿಕೆಟ್ ಹರಿಯುವ ಮುಂಚೆ ಅದನ್ನು ಕೇಳಬಹುದಾಗಿತ್ತು.