ಓವರ್‌ಡ್ರಾಫ್ಟ್ ಶುಲ್ಕದ ಮಿತಿ: ಅಮೆರಿಕದ ಜಗಳದ ಮೂಲ ಎಲ್ಲಿದೆ?

ನಮ್ಮಲ್ಲಿ ವ್ಯಾಪಾರಸ್ಥರು ‘ಓಡಿ’ (ಓವರ್‌ಡ್ರಾಫ್ಟ್) ಎನ್ನುವುದು ಬ್ಯಾಂಕು ಮೊದಲೇ ಮಂಜೂರು ಮಾಡಿದ ಸಾಲದ ಮಿತಿಯನ್ನು. ಎಷ್ಟು ತೆಗೆದರೋ, ಎಷ್ಟು ದಿನ ಇಟ್ಟುಕೊಂಡರೋ ಅಷ್ಟಕ್ಕೆ ಬಡ್ಡಿ. ಅಮೆರಿಕದ ಓವರ್‌ಡ್ರಾಫ್ಟ್ ಶುಲ್ಕ ಹಾಗಲ್ಲ. ಖಾತೆಯಲ್ಲಿ 10 ಡಾಲರ್ ಇದ್ದಾಗ 30 ಡಾಲರಿನ ದಿನಸಿಗೆ ಡೆಬಿಟ್ ಕಾರ್ಡ್ ಉಜ್ಜಿದರೆ, ಕಡಿಮೆ ಬಿದ್ದ 20 ಡಾಲರನ್ನು ಬ್ಯಾಂಕೇ ಹಾಕುತ್ತದೆ. ಅದಕ್ಕೆ ಎಷ್ಟೋ ಬ್ಯಾಂಕುಗಳು ವಿಧಿಸುತ್ತ ಬಂದ ಶುಲ್ಕ ಸುಮಾರು 35 ಡಾಲರ್. ಮರುದಿನವೇ ಹಣ ಕಟ್ಟಿದರೂ ಅಷ್ಟೇ, ತಿಂಗಳಾದರೂ ಅಷ್ಟೇ. ಈ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಬೇಕೇ ಎಂಬುದೇ ಅಲ್ಲಿನ ಜಗಳ.

ಇದು ಸಾಲ ತಾನೇ? ಅಲ್ಲಿನ ಕಾನೂನು ಹಾಗೆ ಎಣಿಸಲಿಲ್ಲ. ಸಾಲದ ನಿಜವಾದ ಖರ್ಚನ್ನು ಗ್ರಾಹಕರಿಗೆ ಮುಚ್ಚಿಡದೆ ಹೇಳಬೇಕೆಂಬ ಕಾಯ್ದೆ 1968ರಲ್ಲಿ ಬಂತು. ಆದರೆ ಹಳೆಯ ಗ್ರಾಹಕರ ಚೆಕ್ಕು ವಾಪಸಾಗದಿರಲೆಂದು ಬ್ಯಾಂಕು ಆಗೊಮ್ಮೆ ಈಗೊಮ್ಮೆ ತೋರುವ ಔದಾರ್ಯ ಇದು ಎಂದು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 1969ರ ನಿಯಮದಲ್ಲೇ ಓವರ್‌ಡ್ರಾಫ್ಟಿಗೆ ವಿನಾಯಿತಿ ಕೊಟ್ಟಿತು. ಮುಂದೆ ಡೆಬಿಟ್ ಕಾರ್ಡು ಬಂತು, ಲೆಕ್ಕವೆಲ್ಲ ಯಂತ್ರದ ಕೈಗೆ ಹೋಯಿತು, ಔದಾರ್ಯ ದೊಡ್ಡ ಆದಾಯವಾಯಿತು. ವಿನಾಯಿತಿ ಮಾತ್ರ ಹಾಗೇ ಉಳಿಯಿತು. ನನ್ನ ಮಟ್ಟಿಗೆ ಇಡೀ ಜಗಳದ ಬೇರು ಇಲ್ಲೇ ಇದೆ.

ಅಮೆರಿಕ ಸರ್ಕಾರದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಸಿಎಫ್‌ಪಿಬಿ 2014ರಲ್ಲಿ ಲೆಕ್ಕ ಹಾಕಿ ನೋಡಿತು. ಡೆಬಿಟ್ ಕಾರ್ಡಿನ ಓವರ್‌ಡ್ರಾಫ್ಟ್ ಶುಲ್ಕಗಳಲ್ಲಿ ಹೆಚ್ಚಿನವು 24 ಡಾಲರ್ ಅಥವಾ ಅದಕ್ಕೂ ಕಡಿಮೆಯ ಖರೀದಿಗೆ ಬಿದ್ದವು. ಬಹುಪಾಲು ಜನ ಮೂರು ದಿನದೊಳಗೆ ಹಣ ತುಂಬಿದ್ದರು. ಆ ಶುಲ್ಕವನ್ನು ವಾರ್ಷಿಕ ಬಡ್ಡಿಯಾಗಿ ಎಣಿಸಿದರೆ ಶೇ 17,000 ದಾಟುತ್ತದೆ. ಯಾವ ಮೀಟರ್ ಬಡ್ಡಿಯೂ ಇದರ ಹತ್ತಿರ ಸುಳಿಯದು.

2024ರ ಡಿಸೆಂಬರ್‌ನಲ್ಲಿ ಇದೇ ಸಂಸ್ಥೆ 1,000 ಕೋಟಿ ಡಾಲರಿಗಿಂತ ಹೆಚ್ಚು ಆಸ್ತಿಯಿರುವ ಬ್ಯಾಂಕುಗಳಿಗೆ ಮೂರು ದಾರಿ ಇಟ್ಟಿತು: 5 ಡಾಲರ್ ಶುಲ್ಕ, ಇಲ್ಲವೇ ತಗಲುವ ಖರ್ಚು ಮತ್ತು ನಷ್ಟ ತುಂಬುವಷ್ಟು ಮಾತ್ರ ಶುಲ್ಕ, ಅದೂ ಬೇಡವೆಂದರೆ ಸಾಲವೆಂದು ಒಪ್ಪಿಕೊಂಡು ಬಡ್ಡಿದರ ತಿಳಿಸುವುದು. ಮೂರನೆಯದೇ ನನಗೆ ಸರಿಯೆನಿಸುತ್ತದೆ.

ಬ್ಯಾಂಕುಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಶುಲ್ಕಕ್ಕೆ ಮಿತಿ ಹಾಕಿದರೆ ಬಡವರ ಖಾತೆಗೆ ಈ ಆಸರೆ ಸಿಗದು, ಚೆಕ್ಕುಗಳು ವಾಪಸಾಗುತ್ತವೆ, ಜನ ಇನ್ನೂ ದುಬಾರಿ ಕೈಸಾಲಕ್ಕೆ ಹೋಗುತ್ತಾರೆ ಎಂಬುದು ಅವರ ಮಾತು. ಬ್ರಿಟನ್ 2020ರ ಏಪ್ರಿಲ್‌ನಲ್ಲಿ ನಿಗದಿತ ಶುಲ್ಕವನ್ನೇ ನಿಷೇಧಿಸಿ ಬಡ್ಡಿ ಮಾತ್ರ ಸಾಕೆಂದಾಗ ಅಲ್ಲಿನ ಅನೇಕ ಬ್ಯಾಂಕುಗಳು ಬಡ್ಡಿಯನ್ನು ಶೇ 40ರ ಆಸುಪಾಸಿಗೆ ಏರಿಸಿದವು. ಆದರೂ ಅದು ಕಣ್ಣಿಗೆ ಕಾಣುವ ದರ, ಬೇರೆ ಬ್ಯಾಂಕಿನ ದರದೊಂದಿಗೆ ಹೋಲಿಸಬಹುದಾದ ದರ.

ಅಮೆರಿಕದ ನಿಯಮ 2025ರ ಅಕ್ಟೋಬರ್ 1ರಿಂದ ಜಾರಿಯಾಗಬೇಕಿತ್ತು. ಅದಕ್ಕೂ ಮೊದಲೇ ಸಂಸತ್ತಿನ ಎರಡೂ ಸದನಗಳು ಅದನ್ನು ರದ್ದುಪಡಿಸಿದವು. ಮೇ ತಿಂಗಳಲ್ಲಿ ಟ್ರಂಪ್ ಸಹಿ ಹಾಕಿದರು. ಹೀಗೆ ರದ್ದಾದ ನಿಯಮವನ್ನೇ ಹೋಲುವ ಇನ್ನೊಂದನ್ನು ಹೊಸ ಕಾನೂನಿನ ಬಲವಿಲ್ಲದೆ ತರುವಂತಿಲ್ಲ. ಸಿಟಿ, ಕ್ಯಾಪಿಟಲ್ ಒನ್ ಬ್ಯಾಂಕುಗಳು ತಾವಾಗಿಯೇ ಶುಲ್ಕ ಕೈಬಿಟ್ಟಿವೆ. ಬ್ಯಾಂಕ್ ಆಫ್ ಅಮೆರಿಕ 2022ರಲ್ಲಿ 35ರಿಂದ 10 ಡಾಲರಿಗೆ ಇಳಿಸಿದೆ.

ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗಿ ಹೊಸ ಖಾತೆ ತೆರೆಯುವ ನಮ್ಮವರು ಒಂದನ್ನು ತಿಳಿದಿರಬೇಕು. ಎಟಿಎಂ ಮತ್ತು ಡೆಬಿಟ್ ಕಾರ್ಡಿನ ಬಿಡಿ ಖರೀದಿಗೆ ಗ್ರಾಹಕರ ಒಪ್ಪಿಗೆ ಪಡೆಯದೆ ಈ ಶುಲ್ಕ ಹಾಕುವಂತಿಲ್ಲ; 2010ರಿಂದ ಈ ನಿಯಮವಿದೆ. ಚೆಕ್ಕಿಗೂ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಬಿಲ್ಲುಗಳಿಗೂ ಆ ರಕ್ಷಣೆ ಇಲ್ಲ.