ಓದುಗರ ಪ್ರಶ್ನೆ: ಸ್ಯಾಂಡ್ರಾ ಗಂಡನನ್ನು ತಳ್ಳಿದಳಾ, ಅವನೇ ಹಾರಿದನಾ?

ಪ್ರಶ್ನೆ: ‘ಅನಾಟಮಿ ಆಫ್ ಎ ಫಾಲ್’ ನೋಡಿದೆ. ಎರಡೂವರೆ ಗಂಟೆ ಕೂತರೂ ಹೆಂಡತಿ ತಪ್ಪಿತಸ್ಥೆ ಹೌದೋ ಅಲ್ವೋ ಗೊತ್ತಾಗಲಿಲ್ಲ. ನೀವೇನಂತೀರಿ?

ಉತ್ತರ: ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಯನ್ನೂ ಹೇಳಿಬಿಡುತ್ತೇನೆ. ಕಥೆ ಇಷ್ಟು: ಮನೆಯ ಮೇಲಿಂದ ಬಿದ್ದು ಗಂಡ ಸಾಯುತ್ತಾನೆ, ಹೆಂಡತಿ ಸ್ಯಾಂಡ್ರಾಳೇ ಕೊಂದಳು ಎಂದು ಕೋರ್ಟಿನಲ್ಲಿ ಕೇಸು ನಡೆಯುತ್ತದೆ.

ಇದೇ ಪ್ರಶ್ನೆ ಹಿಡಿದುಕೊಂಡು ನಾವು ನಾಲ್ಕು ಜನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸಂಜೆ ಪೂರ್ತಿ ಜಗಳ ಆಡಿದ್ದೇವೆ. ಮಂಡ್ಯದಲ್ಲಿ ವಕೀಲಿಕೆ ಮಾಡುವ ಗೆಳೆಯ ‘ಈ ಕೇಸು ನಿಲ್ಲಲ್ಲ ಕಣೋ’ ಎಂದ. ನಮ್ಮತ್ತೆ ‘ಅಷ್ಟು ತಣ್ಣಗೆ ಮಾತಾಡ್ತಾಳಲ್ಲ, ಅವಳೇ’ ಎಂದು ಆಗಲೇ ತೀರ್ಪು ಕೊಟ್ಟಿದ್ದರು.

ನೇರವಾಗಿ ಹೇಳಬೇಕೆಂದರೆ, ಉತ್ತರ ಸಿನಿಮಾದೊಳಗೆ ಇಲ್ಲ. ಆ ಪಾತ್ರ ಮಾಡಿದ ಸ್ಯಾಂಡ್ರಾ ಹ್ಯೂಲರ್ ಅವರೇ ಕೇಳಿದರೂ ನಿರ್ದೇಶಕಿ ಜಸ್ಟೀನ್ ತ್ರಿಯೇ ಬಾಯಿ ಬಿಡಲಿಲ್ಲ. ನಿರಪರಾಧಿ ಅಂದುಕೊಂಡು ಮಾಡಿ ಎಂದಷ್ಟೇ ಹೇಳಿದರು. ಶೆಡ್ಡಿನ ಮೇಲಿನ ಮೂರು ರಕ್ತದ ಹನಿ, ಕೈ ಮೇಲಿನ ಕಂದುಗಟ್ಟಿದ ಗಾಯ, ಅದರ ಬಗ್ಗೆ ಅವಳು ಹೇಳಿದ ಸುಳ್ಳು, ಇವನ್ನೆಲ್ಲ ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದರೂ ಸುಮ್ನೆ ಸಮಯ ಹಾಳು. ಒಬ್ಬ ತಜ್ಞ ಹೌದು ಅಂದರೆ ಇನ್ನೊಬ್ಬರು ಅಲ್ಲ ಅನ್ನುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಮಗ ಡೇನಿಯಲ್‌ಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅವನ ಸಾಕ್ಷಿ ಎಲ್ಲ ಕಿವಿಯದ್ದು. ಅಪ್ಪ ಅಮ್ಮ ಸಮಾಧಾನವಾಗಿ ಮಾತಾಡುತ್ತಿದ್ದದ್ದು ಹೊರಗೆ ಕಿಟಕಿ ಕೆಳಗೆ ನಿಂತಾಗ ಕೇಳಿಸಿತು ಎನ್ನುತ್ತಾನೆ. ಆಗ ಅಪ್ಪ ಜೋರಾಗಿ ಹಾಕಿದ್ದ ಹಾಡನ್ನೇ ಹಾಕಿ ಪರೀಕ್ಷೆ ಮಾಡಿದರೆ ಕೇಳಿಸುವುದೇ ಇಲ್ಲ!

ನಾವೂ ಸರಸ್ವತಿಪುರಂ ಮನೆಯಲ್ಲಿ ಮಾಡಿ ನೋಡಿದೆವು. ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ತಿರುಗುತ್ತಿತ್ತು, ಇಬ್ಬರು ಒಳಗೆ, ನಾನು ಹೊರಗೆ ತುಳಸಿಕಟ್ಟೆ ಹತ್ತಿರ. ಮೆಲ್ಲಗೆ ಆಡಿದ್ದು ಒಂದಕ್ಷರವೂ ಕೇಳಲಿಲ್ಲ. ಕೂಗಿದಾಗ ‘ಹುಣಸೆ’ ಅಂತೇನೋ ಕೇಳಿಸಿತು. ಅದು ಜಗಳವೋ, ಹುಣಸೆಹಣ್ಣು ಕೇಳಿದ್ದೋ, ದೇವರಾಣೆ ಗೊತ್ತಾಗಲಿಲ್ಲ.

ಈಗ ಎರಡು ದೃಶ್ಯ ನೆನಪು ಮಾಡಿಕೊಳ್ಳಿ. ಸಾವಿನ ಹಿಂದಿನ ದಿನದ ಜಗಳವನ್ನು ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿರುತ್ತಾನೆ. ಕೋರ್ಟಿನಲ್ಲಿ ಅದನ್ನು ಹಾಕಿದಾಗ ಜಗಳ ನಮ್ಮ ಕಣ್ಣಿಗೂ ಕಾಣುತ್ತದೆ. ಕೈ ಕೈ ಮಿಲಾಯಿಸುವ ಹೊತ್ತಿಗೆ ಸರಿಯಾಗಿ ಚಿತ್ರ ಕೋರ್ಟಿಗೆ ವಾಪಸ್. ಆಮೇಲೆ ಬರೀ ಸದ್ದು. ಯಾರು ಯಾರಿಗೆ ಹೊಡೆದರು?

ಇನ್ನೊಂದು, ಕಾರಿನಲ್ಲಿ ಅಪ್ಪ ಹೇಳಿದ ಮಾತನ್ನು ಮಗ ಕೊನೆಯಲ್ಲಿ ಹೇಳುವ ದೃಶ್ಯ. ನಾಯಿ ಒಂದು ದಿನ ಸಾಯುತ್ತದೆ, ಅದಕ್ಕೆ ತಯಾರಾಗು ಎಂದಿದ್ದನಂತೆ. ಅಪ್ಪ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿದ್ದ ಎಂಬುದು ಮಗನ ವಾದ. ಇಲ್ಲಿ ತುಟಿ ಅಪ್ಪನದು, ದನಿ ಮಗನದು! ಒಂದರಲ್ಲಿ ಸದ್ದಿದೆ, ಚಿತ್ರ ಇಲ್ಲ. ಇನ್ನೊಂದರಲ್ಲಿ ಚಿತ್ರ ಇದೆ, ಅಪ್ಪನ ದನಿ ಇಲ್ಲ. ಸ್ಯಾಂಡ್ರಾ ಬಿಡುಗಡೆಯಾಗುವುದು ಈ ಎರಡನೆಯದು ಬಂದ ಮೇಲೆ.

ಹಾಗಾದರೆ ಹುಡುಗ ಸುಳ್ಳು ಹೇಳಿದನಾ? ಹೇಳಿದ ಅನ್ನುವುದಕ್ಕಿಂತ ಆರಿಸಿಕೊಂಡ ಅನ್ನುತ್ತೇನೆ ನಾನು. ಅವನನ್ನು ನೋಡಿಕೊಳ್ಳಲು ಕೋರ್ಟು ಕಳಿಸಿದ ಮಾರ್ಜ್ ಹೇಳುವುದೂ ಅದನ್ನೇ: ಎರಡರಲ್ಲಿ ಯಾವುದು ನಿಜ ಎಂದು ತಿಳಿಯದೆ ಇರಲಾಗದಿದ್ದರೆ, ಒಂದನ್ನು ಆರಿಸಿಕೊಳ್ಳಬೇಕು. ವಕೀಲ ಗೆಳೆಯನಿಗೆ ಈ ಮಾತು ಸುತರಾಂ ಇಷ್ಟವಾಗಲಿಲ್ಲ. ‘ಸಂಶಯದ ಲಾಭ ಆರೋಪಿಗೆ, ಮುಗೀತು’ ಎಂದ. ಕೋರ್ಟಿಗೆ ಅಷ್ಟು ಸಾಕು. ಹನ್ನೊಂದು ವರ್ಷದ ಹುಡುಗ ನಾಳೆಯಿಂದ ಅದೇ ಅಮ್ಮನ ಜೊತೆ ಊಟಕ್ಕೆ ಕೂರಬೇಕಲ್ವಾ?

ಅತ್ತೆ ಮಾತ್ರ ಕೊನೆಗೆ ಸ್ವಲ್ಪ ಮೆತ್ತಗಾದರು. ‘ನಾಯಿ ಹೋಗಿ ಅವಳ ಪಕ್ಕ ಮಲಗ್ತಲ್ಲ, ಪ್ರಾಣಿಗೆ ತಿಳಿಯುತ್ತೆ’ ಎಂದರು. ಅಮ್ಮ ಹೇಳಿದ್ದು ನಿಜವೇ ಎಂದು ಪರೀಕ್ಷೆ ಮಾಡಲು ನಾಯಿಗೇ ಆಸ್ಪಿರಿನ್ ತಿನ್ನಿಸಿದ ಹುಡುಗನನ್ನೂ ಅದು ಬಿಟ್ಟು ಹೋಗಲಿಲ್ಲ ಎಂದೆ.